ಮಲೆನಾಡಿನ ತಂಪು, ವಿಆರ್‌ನ ಡೇಟಾ ಸೆಂಟರ್: ಲೆಕ್ಕ ತಪ್ಪುವುದು ಎಲ್ಲಿ?

ಊರು ತಂಪು, ತುಂಗೆಯ ನೀರಿದೆ, ಶರಾವತಿಯ ಕರೆಂಟು ಪಕ್ಕದಲ್ಲೇ ಹುಟ್ಟುತ್ತದೆ, ಸೋಗಾನೆಯಲ್ಲಿ 2023ರಿಂದ ವಿಮಾನವೂ ಇಳಿಯುತ್ತಿದೆ. ಹಾಗಿದ್ದಮೇಲೆ ಡೇಟಾ ಸೆಂಟರ್‌ಗಳೆಲ್ಲ ಬೆಂಗಳೂರಿನಲ್ಲೇ ಯಾಕೆ ಕೂರಬೇಕು, ಒಂದಾದರೂ ಶಿವಮೊಗ್ಗಕ್ಕೆ ಬರಲಿ ಎಂಬ ಮಾತು ಇಲ್ಲಿ ಹೊಸದಲ್ಲ. ಈಗ ಅದಕ್ಕೆ ವಿಆರ್ ಕೂಡ ಸೇರಿಕೊಂಡಿದೆ: ವರ್ಚುವಲ್ ರಿಯಾಲಿಟಿಗೆ ಸರ್ವರ್ ಹತ್ತಿರವೇ ಇರಬೇಕಂತೆ, ಹಾಗಾದರೆ ಜಿಲ್ಲೆಗೊಂದು ಬೇಕಲ್ಲ ಎಂಬ ವಾದ. ಇದರ ಒಂದೊಂದು ತುಂಡಿನಲ್ಲೂ ಅರ್ಧ ನಿಜವಿದೆ. ಆ ಅರ್ಧವನ್ನೇ ನಂಬಿ 11 ರ್ಯಾಕ್ (ಸರ್ವರ್‌ಗಳನ್ನು ಜೋಡಿಸಿಡುವ ಕಪಾಟು) ಕೂರಿಸಿದವರಿಗೆ ತಿಂಗಳಿಗೆ 17 ಲಕ್ಷ ರೂಪಾಯಿಯ ಕರೆಂಟ್ ಬಿಲ್ಲು ಕಾದಿರುತ್ತದೆ. ಆ ಅಂಕಿ ಎಲ್ಲಿಂದ ಬಂತು ಎಂಬುದು ಮುಂದಿದೆ.

ಚಿತ್ರ ಬಿಡಿಸುವವರು ಯಾರು?

ವಿಆರ್ ಎಂದರೆ ಒಂದೇ ಕೆಲಸವಲ್ಲ. ತಲೆಗೆ ಹಾಕಿಕೊಂಡ ಹೆಡ್‌ಸೆಟ್‌ನೊಳಗಿನ ಚಿಪ್ಪೇ ಚಿತ್ರ ಬಿಡಿಸಿಕೊಳ್ಳುವುದು ಒಂದು ಬಗೆ. ಮೆಟಾ ಕಂಪನಿಯ ಕ್ವೆಸ್ಟ್ ಹೆಡ್‌ಸೆಟ್ ಕಂಪ್ಯೂಟರ್‌ನ ಹಂಗಿಲ್ಲದೆ ನಡೆಯುವಾಗ ಮಾಡುವುದು ಇದನ್ನೇ. ಇಲ್ಲಿ ಸರ್ವರ್‌ಗೆ ಚಿತ್ರದ ಗೊಡವೆ ಇಲ್ಲ. ಯಾರು ಎಲ್ಲಿ ನಿಂತಿದ್ದಾರೆ, ಕೈ ಯಾವ ಕಡೆ ಚಾಚಿದ್ದಾರೆ, ಏನು ಮಾತಾಡಿದರು ಎಂಬ ಸುದ್ದಿಯನ್ನು ಉಳಿದವರಿಗೆ ಮುಟ್ಟಿಸಿದರೆ ಅದರ ಕೆಲಸ ಮುಗಿಯಿತು.

ಆ ಸುದ್ದಿ ತೀರಾ ಸಣ್ಣದು. ತಲೆ ಒಂದು, ಕೈ ಎರಡು. ಒಂದೊಂದಕ್ಕೂ ಜಾಗ ಹೇಳಲು 3 ಸಂಖ್ಯೆ, ತಿರುವು ಹೇಳಲು 4. ಸಂಖ್ಯೆಗೆ 4 ಬೈಟ್‌ನಂತೆ ಒಟ್ಟು 84 ಬೈಟ್; ಪ್ಯಾಕೆಟ್‌ನ ವಿಳಾಸಕ್ಕೆ ಇನ್ನೊಂದು 28. ಸೆಕೆಂಡಿಗೆ 30 ಸಲ ಕಳಿಸಿದರೂ 27 ಕೆಬಿಪಿಎಸ್ (ಸೆಕೆಂಡಿಗೆ 27 ಸಾವಿರ ಬಿಟ್) ದಾಟುವುದಿಲ್ಲ, ಒಂದು ಫೋನ್ ಮಾತುಕತೆಯಷ್ಟು. ತೊಂದರೆ ಶುರುವಾಗುವುದು ಜನ ಸೇರಿದಾಗ. 50 ಮಂದಿಯ ಕೋಣೆಯಲ್ಲಿ ಪ್ರತಿಯೊಬ್ಬರ ಸುದ್ದಿಯೂ ಉಳಿದ 49 ಮಂದಿಗೆ ಹೋಗಬೇಕು. ಅಂದರೆ 2,450 ಹರಿವು, ಸುಮಾರು 66 ಎಂಬಿಪಿಎಸ್. ಸಾಗರದ ಮಾರಿಕಾಂಬಾ ಜಾತ್ರೆಯನ್ನೇ ವಿಆರ್‌ನಲ್ಲಿ ಕಟ್ಟಿ ಒಂದೇ ಬಯಲಿನಲ್ಲಿ ಸಾವಿರ ಮಂದಿಯನ್ನು ನಿಲ್ಲಿಸಿದರೆ ಅದು 27 ಜಿಬಿಪಿಎಸ್‌ಗೆ ಏರುತ್ತದೆ. ಜನ 20 ಪಟ್ಟು, ಭಾರ 400 ಪಟ್ಟು. ವಿಆರ್ ಕೂಟಗಳ ಆ್ಯಪ್‌ಗಳು ಕೋಣೆಗೆ ಇಂತಿಷ್ಟೇ ಮಂದಿ ಎಂದು ಬಾಗಿಲು ಹಾಕುವುದು ಜಿಪುಣತನದಿಂದಲ್ಲ, ಈ ಗುಣಾಕಾರದ ಭಯದಿಂದ. ಜಾತ್ರೆಯನ್ನೇ ಕಟ್ಟಬೇಕೆಂದರೆ ಉಪಾಯವಿದೆ: ಹತ್ತಿರದ 20 ಮಂದಿಯ ಚಲನೆ ಪೂರ್ತಿ ವೇಗದಲ್ಲಿ, ಅವರಾಚೆಯವರದು ಸೆಕೆಂಡಿಗೆ 5 ಸಲ, ದೂರದ ಗುಂಪು ಬರೀ ತೆರೆಯ ಮೇಲಿನ ಬೊಂಬೆ. ನಿಜವಾದ ಜಾತ್ರೆಯಲ್ಲೂ ನಮ್ಮ ಕಣ್ಣು ಮಾಡುವುದು ಇಷ್ಟೇ.

ಸಾವಿರ ಮಂದಿಯನ್ನು 50ರಂತೆ 20 ಕೋಣೆಗೆ ಹಂಚಿದರೆ ಒಟ್ಟು 1.3 ಜಿಬಿಪಿಎಸ್. 10 ಗಿಗಾಬಿಟ್ ಕಾರ್ಡ್ ಇರುವ ಒಂದು ಸರ್ವರ್ ಸಾಕು. ಕೆಟ್ಟರೆ ಇರಲಿ ಎಂದು ಇನ್ನೊಂದು. ವಿಆರ್ ಲೋಕದ ಫೈಲುಗಳನ್ನು ಇಟ್ಟುಕೊಳ್ಳುವ ಕ್ಯಾಶ್ ಪೆಟ್ಟಿಗೆ ಒಂದು. ಎಲ್ಲ ಸೇರಿ ಬಚ್ಚಲುಮನೆಯ ಗೀಸರ್ ಎಳೆಯುವಷ್ಟು ಕರೆಂಟು, 2 ಕಿಲೋವ್ಯಾಟ್‌ನೊಳಗೆ.

ಎರಡನೆಯ ಬಗೆಯಲ್ಲಿ ಚಿತ್ರವನ್ನು ದೂರದ ಸರ್ವರ್ ಬಿಡಿಸುತ್ತದೆ, ಹೆಡ್‌ಸೆಟ್ ಬರೀ ತೋರಿಸುತ್ತದೆ. ಸೇತುವೆಯ ಪೂರ್ತಿ ವಿನ್ಯಾಸ, ಮನುಷ್ಯದೇಹದ ಸೂಕ್ಷ್ಮ ಮಾದರಿ, ಇಡೀ ಕಣಿವೆಯ ಲೇಸರ್ ಸ್ಕ್ಯಾನ್, ಇಂಥವು ಹೆಡ್‌ಸೆಟ್‌ನ ಚಿಪ್ಪಿಗೆ ಮೀರಿದ್ದು. ಅಲ್ಲಿ ಇದೇ ದಾರಿ. ಕ್ವೆಸ್ಟ್ 3ರಲ್ಲಿ ಒಂದೊಂದು ಕಣ್ಣಿಗೆ 2064×2208 ಚುಕ್ಕಿ. ಎರಡು ಕಣ್ಣು, ಚುಕ್ಕಿಗೆ 24 ಬಿಟ್, ಸೆಕೆಂಡಿಗೆ 90 ಚಿತ್ರ ಎಂದರೆ ಹಸಿ ಲೆಕ್ಕದಲ್ಲಿ 19.7 ಜಿಬಿಪಿಎಸ್. ಅದನ್ನು ಹಿಂಡಿ 60ರಿಂದ 100 ಎಂಬಿಪಿಎಸ್‌ಗೆ ಇಳಿಸಿ ಕಳಿಸುತ್ತಾರೆ. ಹಿಂಡುವ ಕೆಲಸ ಪ್ರತಿ ಚಿತ್ರಕ್ಕೆ ಐದಾರು ಮಿಲಿಸೆಕೆಂಡಿನಲ್ಲಿ ಮುಗಿಯಬೇಕು. ಅದಕ್ಕೆ ಚಿತ್ರ ಬಿಡಿಸುವ ಚಿಪ್ಪಾದ ಜಿಪಿಯುವಿನೊಳಗೇ ಹಿಂಡುವ ಭಾಗ, ಅಂದರೆ ವಿಡಿಯೊ ಎನ್‌ಕೋಡರ್, ಇರಬೇಕು.

ಖರೀದಿಯಲ್ಲಿ ಹಣ ಮುಳುಗುವುದು ಇಲ್ಲೇ. ಎಐಗೆಂದು ಜಗತ್ತೆಲ್ಲ ಮುಗಿಬಿದ್ದ ಎನ್‌ವಿಡಿಯಾದ ಎ100, ಎಚ್100 ಜಿಪಿಯುಗಳಲ್ಲಿ ಆ ಎನ್‌ಕೋಡರ್ ಇಲ್ಲವೇ ಇಲ್ಲ. 700 ವ್ಯಾಟ್ ನುಂಗುವ ಎಚ್100 ವಿಆರ್ ಚಿತ್ರ ಬಿಡಿಸಿ ಕಳಿಸುವ ಕೆಲಸಕ್ಕೆ ಬಾರದು. 350 ವ್ಯಾಟ್‌ನ ಎಲ್40ಎಸ್ ಬರುತ್ತದೆ, ಅದರಲ್ಲಿ 3 ಎನ್‌ಕೋಡರ್‌ಗಳಿವೆ. "ಎಐಗೂ ವಿಆರ್‌ಗೂ ಒಂದೇ ಕ್ಲಸ್ಟರ್" ಎಂದು ಬರೆದ ಯೋಜನಾ ವರದಿ ಕಂಡರೆ ಮೊದಲು ಜಿಪಿಯುವಿನ ಮಾದರಿ ಸಂಖ್ಯೆ ನೋಡಬೇಕು.

ದೃಶ್ಯ ಎಷ್ಟು ಭಾರವೆಂಬುದರ ಮೇಲೆ ಇಂಥ ಒಂದು ಜಿಪಿಯು ಇಬ್ಬರಿಂದ ನಾಲ್ವರನ್ನು ಹೊರುತ್ತದೆ, ಮೂವರು ಎಂದಿಟ್ಟುಕೊಳ್ಳೋಣ. 4 ಜಿಪಿಯು ಇರುವ ಸರ್ವರ್, ಪ್ರೊಸೆಸರ್ ಫ್ಯಾನು ಎಲ್ಲ ಸೇರಿ 2.3 ಕಿಲೋವ್ಯಾಟ್. ರ್ಯಾಕ್‌ಗೆ 8 ಸರ್ವರ್ ಇಟ್ಟರೆ ಸ್ವಿಚ್ ಸಮೇತ 19 ಕಿಲೋವ್ಯಾಟ್, 96 ಮಂದಿ. ಒಂದೇ ಹೊತ್ತಿಗೆ ಸಾವಿರ ಮಂದಿಗೆ 11 ರ್ಯಾಕ್, 210 ಕಿಲೋವ್ಯಾಟ್. ತಣಿಸುವ ಯಂತ್ರ, ಯುಪಿಎಸ್‌ನ ಸೋರಿಕೆಗೆ ಇದರ ಮೇಲೆ ಶೇ 40 ಸೇರಿಸಿದರೆ 294. ತಿಂಗಳಿಗೆ 2.1 ಲಕ್ಷ ಯೂನಿಟ್; ಯೂನಿಟ್‌ಗೆ 8 ರೂಪಾಯಿ ಹಿಡಿದರೆ 17 ಲಕ್ಷ. ಕುರ್ಚಿಗೆ 1,700 ರೂಪಾಯಿ ಬರೀ ಕರೆಂಟಿಗೆ, ಅದೂ ಸಾವಿರ ಕುರ್ಚಿಯೂ ತುಂಬಿದ್ದರೆ.

ಅದೇ ಸಾವಿರ ಮಂದಿ. ಒಂದು ಬಗೆಗೆ 2 ಕಿಲೋವ್ಯಾಟ್, ಇನ್ನೊಂದಕ್ಕೆ 294. ಯಾವ ವಿಆರ್ ಎಂದು ಹೇಳದೆ ಡೇಟಾ ಸೆಂಟರ್‌ನ ಗಾತ್ರ ಹೇಳುವವರ ಮಾತಿಗೆ ಬೆಲೆ ಕೊಡಬೇಕಿಲ್ಲ.

ದೂರ ಎಷ್ಟು, ನಿಜವಾಗಿ?

ತಲೆ ತಿರುಗಿಸಿದ್ದಕ್ಕೂ ಕಣ್ಣೆದುರಿನ ಚಿತ್ರ ತಿರುಗಿದ್ದಕ್ಕೂ ನಡುವೆ 20 ಮಿಲಿಸೆಕೆಂಡಿಗಿಂತ ಹೆಚ್ಚು ಅಂತರವಿದ್ದರೆ ಹೊಟ್ಟೆ ತೊಳಸುತ್ತದೆ. ಆಗುಂಬೆ ಘಾಟಿಯ ತಿರುವಿನಲ್ಲಿ ಬಸ್ಸಿನೊಳಗೆ ಮೊಬೈಲ್ ನೋಡುವವರಿಗೆ ಆಗುವುದೂ ಇದೇ ಜಾತಿಯದು, ಕಣ್ಣು ಹೇಳುವುದಕ್ಕೂ ಕಿವಿಯೊಳಗಿನ ಸಮತೋಲದ ಅಂಗ ಹೇಳುವುದಕ್ಕೂ ತಾಳೆಯಾಗುವುದಿಲ್ಲ.

ಗಾಜಿನ ಎಳೆಯಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿ.ಮೀ. ಓಡುತ್ತದೆ, 100 ಕಿ.ಮೀ. ಹೋಗಿಬರಲು 1 ಮಿಲಿಸೆಕೆಂಡು. ಶಿವಮೊಗ್ಗದಿಂದ ಬೆಂಗಳೂರಿಗೆ ರಸ್ತೆ 300 ಕಿ.ಮೀ., ಫೈಬರ್ ಸುತ್ತಿ ಬಳಸಿ 350–400. ಬೆಳಕಿನ ಓಟಕ್ಕೆ 4 ಮಿಲಿಸೆಕೆಂಡು, ನಡುವಿನ ರೂಟರ್‌ಗಳ ಪಾಲು ಸೇರಿ ಚೆನ್ನಾಗಿದ್ದರೆ 6ರಿಂದ 10. ಇನ್ನು ಚಿತ್ರ ಬಿಡಿಸಲು 8–11, ಹಿಂಡಲು 4–6, ಹೆಡ್‌ಸೆಟ್‌ನಲ್ಲಿ ಬಿಚ್ಚಲು 6–10, ವೈಫೈಗೆ 2–4, ತೆರೆಗೆ ತರಲು 5–8. ಕೂಡಿಸಿದರೆ ಸರ್ವರ್ ಪಕ್ಕದ ಕೋಣೆಯಲ್ಲಿದ್ದರೂ 20 ದಾಟುತ್ತದೆ! ಹಾಗಾಗಿ ಹೆಡ್‌ಸೆಟ್ ಒಂದು ಕಣ್ಕಟ್ಟು ಮಾಡುತ್ತದೆ: ಬಂದ ಚಿತ್ರವನ್ನು ತೋರಿಸುವ ಕಡೇ ಕ್ಷಣದಲ್ಲಿ ತಲೆ ಈಗ ಎಲ್ಲಿದೆಯೋ ಅಲ್ಲಿಗೆ ತಾನೇ ವಾಲಿಸಿ ಸರಿಮಾಡುತ್ತದೆ. ತಲೆ ತಿರುಗಿಸುವುದಕ್ಕೆ ಇದು ಚೆನ್ನಾಗಿ ಒಗ್ಗುತ್ತದೆ. ಮುಂದೆ ಬಾಗಿ ಕೈಯಿಂದ ಏನನ್ನಾದರೂ ಹಿಡಿಯಲು ಹೋದಾಗ ಮಾತ್ರ ತಡ ಗೊತ್ತಾಗುತ್ತದೆ.

ಹೀಗೆ ನೋಡಿದರೆ ಸರ್ವರ್ ಅನ್ನು ಬೆಂಗಳೂರಿನಿಂದ ಶಿವಮೊಗ್ಗಕ್ಕೆ ತಂದರೆ ಉಳಿಯುವುದು ಐದರಿಂದ ಎಂಟು ಮಿಲಿಸೆಕೆಂಡು. ಇಲ್ಲದ್ದಲ್ಲ, ಆದರೆ ಅದೊಂದಕ್ಕೇ ಕಟ್ಟಡ ಕಟ್ಟುವಷ್ಟೂ ಅಲ್ಲ. ಹೆಚ್ಚು ಕಾಡುವುದು ಬೇರೆ ಎರಡು ಸಂಗತಿ.

ಒಂದು, ಹಾದಿಯ ಸುತ್ತು. ಶಿವಮೊಗ್ಗದಲ್ಲೇ ಸರ್ವರ್ ಇಟ್ಟಿರಿ ಎನ್ನಿ. ಅದರ ಲೈನ್ ಒಂದು ಕಂಪನಿಯದು, ಮನೆಯವರ ಲೈನ್ ಇನ್ನೊಂದರದು. ಇಬ್ಬರೂ ಡೇಟಾ ಬದಲಾಯಿಸಿಕೊಳ್ಳುವುದು ಬೆಂಗಳೂರಿನಲ್ಲಿ, ಕೆಲವರು ಚೆನ್ನೈ, ಮುಂಬೈಯಲ್ಲಿ. ನೆಹರೂ ರಸ್ತೆಯಿಂದ ದುರ್ಗಿಗುಡಿಗೆ ಹೋಗಲು ರೈಲು ಹತ್ತಿ ಮೆಜೆಸ್ಟಿಕ್‌ನಲ್ಲಿ ಇಳಿದು ವಾಪಸ್ ಬಂದ ಹಾಗೆ. ಊರಿನ ಇಂಟರ್ನೆಟ್ ಕಂಪನಿಗಳು ಊರಿನೊಳಗೇ ಒಂದು ಸ್ವಿಚ್‌ನಲ್ಲಿ ಕೂಡಿಕೊಳ್ಳದಿದ್ದರೆ ಊರಿನ ಸರ್ವರ್‌ನಿಂದ ಊರಿಗೆ ಉಪಯೋಗವಿಲ್ಲ. ಇದನ್ನು ಪತ್ತೆಮಾಡುವುದು ಸುಲಭ: ಡೇಟಾ ಸಾಗುವ ಹಾದಿ ತೋರಿಸುವ ಟ್ರೇಸ್‌ರೂಟ್ ಎಂಬ ಆದೇಶ ಓಡಿಸಿ, ನಡುವಿನ ರೂಟರ್‌ಗಳ ಹೆಸರಿನಲ್ಲಿ ಬಿಎಲ್‌ಆರ್, ಎಂಎಎ, ಬಿಒಎಂ ಎಂಬ ಅಕ್ಷರಗಳಿವೆಯೇ ನೋಡಿ. ಅವು ಬೆಂಗಳೂರು, ಚೆನ್ನೈ, ಮುಂಬೈ ವಿಮಾನ ನಿಲ್ದಾಣಗಳ ಸಂಕೇತ. ರೂಟರ್‌ಗೆ ಹೆಸರಿಡುವವರು ಅವನ್ನೇ ಬಳಸುವುದು ರೂಢಿ.

ಇನ್ನೊಂದು, ಏರುಪೇರು. ಸರಾಸರಿ 15 ಮಿಲಿಸೆಕೆಂಡು ಎಂಬ ಅಂಕಿ ವಿಆರ್‌ಗೆ ಪ್ರಯೋಜನಕ್ಕಿಲ್ಲ. ಸೆಕೆಂಡಿಗೆ 90 ಚಿತ್ರವಿದ್ದಾಗ ಒಂದಕ್ಕೆ ಸಿಗುವ ಹೊತ್ತು 11 ಮಿಲಿಸೆಕೆಂಡು. ನೂರಕ್ಕೆ ಒಂದು ಚಿತ್ರ 60 ಮಿಲಿಸೆಕೆಂಡು ತಡವಾದರೂ ಸೆಕೆಂಡಿಗೊಮ್ಮೆ ಚಿತ್ರ ಹರಿಯುತ್ತದೆ. ಹೋಗಿಬರುವ ಹೊತ್ತು ಅಳೆಯುವ ಪಿಂಗ್ ಪರೀಕ್ಷೆಯನ್ನು ಬೆಳಿಗ್ಗೆ 11ಕ್ಕಲ್ಲ, ರಾತ್ರಿ 8ರಿಂದ 10ರವರೆಗೆ ಮಾಡಬೇಕು. ಊರೆಲ್ಲ ಕ್ರಿಕೆಟ್, ಸೀರಿಯಲ್ ನೋಡುವ ಹೊತ್ತು ಅದು. ಮನೆಗೆ ಬರುವ ಫೈಬರ್ ಕೂಡ ಹಂಚಿಕೆಯದೇ: ಮನೆಗಳಿಗೆ ಫೈಬರ್ ಹಂಚುವ ಸಾಮಾನ್ಯ ಜಿಪಾನ್ ಪದ್ಧತಿಯ ಎಳೆಯ 2.5 ಜಿಬಿಪಿಎಸ್ ಅನ್ನು 32 ಮನೆಗೆ ಸೀಳಿದರೆ ಮನೆಗೆ 78 ಎಂಬಿಪಿಎಸ್. ಒಂದು ಬೀದಿಯಲ್ಲಿ ಎಲ್ಲರೂ ಒಟ್ಟಿಗೆ ದೂರದ ಸರ್ವರ್ ಚಿತ್ರ ಕಳಿಸುವ ವಿಆರ್ ಹಾಕಿಕೊಂಡರೆ ಆ ಎಳೆ ಅಲ್ಲಿಗೇ ತುಂಬಿತು.

ಪುಷ್ಯ ಮಳೆಯ ಗಾಳಿ

ಈಗ ತಂಪಿನ ಮಾತು. ಜುಲೈಯಲ್ಲಿ ತೀರ್ಥಹಳ್ಳಿ, ಹೊಸನಗರದ ಕಡೆ ಹೊರಗಿನ ತಾಪ 22–25 ಡಿಗ್ರಿ. ಸರ್ವರ್‌ಗಳಿಗೆ ಒಳಹೋಗುವ ಗಾಳಿ 18ರಿಂದ 27 ಡಿಗ್ರಿ ಇರಲಿ ಎಂಬುದು ಹವಾನಿಯಂತ್ರಣ ಎಂಜಿನಿಯರ್‌ಗಳ ಆಶ್ರೇ ಸಂಸ್ಥೆಯ ಶಿಫಾರಸು. ಹಾಗಾದರೆ ಕಿಟಕಿ ತೆಗೆದು ಫ್ಯಾನ್ ಹಾಕಿದರೆ ಸಾಕಲ್ಲವೇ?

ಸಾಲದು. ಅದೇ ಶಿಫಾರಸಿನಲ್ಲಿ ಇನ್ನೊಂದು ಸಾಲಿದೆ: ಗಾಳಿಯ ಇಬ್ಬನಿಬಿಂದು 15 ಡಿಗ್ರಿ ಮೀರಬಾರದು. ಗಾಳಿಯನ್ನು ಎಷ್ಟಕ್ಕೆ ತಣಿಸಿದರೆ ಅದರೊಳಗಿನ ಆವಿ ನೀರಾಗಿ ಕೂರುತ್ತದೋ ಆ ತಾಪವೇ ಇಬ್ಬನಿಬಿಂದು. 24 ಡಿಗ್ರಿಯ, ಶೇ 90 ತೇವದ ಗಾಳಿಗೆ ಅದು 22ರ ಮೇಲೆ. ಆ ಗಾಳಿಯನ್ನು 27 ಡಿಗ್ರಿಗೆ ಬೆಚ್ಚಗೆ ಮಾಡಿದರೂ ತೇವ ಶೇ 75ರ ಕೆಳಗೆ ಇಳಿಯುವುದಿಲ್ಲ. ಅಡಿಕೆಗೆ ಕೊಳೆ ತರುವ, ಕಪಾಟಿನ ಬೆಲ್ಟಿಗೆ ಬೂಸ್ಟು ಹಿಡಿಸುವ ಗಾಳಿ ಇದು. ಸರ್ವರ್‌ನೊಳಗಿನ ದೂಳಿಗೆ ಈ ತೇವ ಸೇರಿದರೆ ದೂಳೇ ಕರೆಂಟು ಹರಿಯುವ ಪದರವಾಗುತ್ತದೆ. ಮೆಮೊರಿಯ ಪಿನ್ನು ಕಪ್ಪಾಗಿ ಕಾರಣವಿಲ್ಲದೆ ಎರರ್ ಬರುತ್ತದೆ, ಪವರ್ ಸಪ್ಲೈ ಸುಡುತ್ತದೆ. ಒಟ್ಟಿನಲ್ಲಿ ಮಲೆನಾಡಿನ ಗಾಳಿ ತಂಪಿದೆ, ಒಣಗಿಲ್ಲ. ಒಣಗಿರುವ ಮಾರ್ಚ್–ಏಪ್ರಿಲ್‌ನಲ್ಲಿ ಶಿವಮೊಗ್ಗದ ಬಿಸಿಲು 36–37 ಡಿಗ್ರಿ.

ನೀರನ್ನು ಆವಿಮಾಡಿ ತಣಿಸುವ ಕೂಲಿಂಗ್ ಟವರ್ ಇನ್ನೊಂದು ದಾರಿ. ಒಂದು ಯೂನಿಟ್ ಶಾಖ ಕಳೆಯಲು ಸುಮಾರು ಒಂದೂವರೆ ಲೀಟರ್ ನೀರು ಆವಿಯಾಗಬೇಕು, ಉಪ್ಪು ಗಟ್ಟದಂತೆ ಹೊರಬಿಡುವ ನೀರೂ ಸೇರಿ 1.8 ಲೀಟರ್. ಆ 210 ಕಿಲೋವ್ಯಾಟ್‌ಗೆ ದಿನಕ್ಕೆ 9 ಸಾವಿರ ಲೀಟರ್. ಆಳಿಗೆ 135 ಲೀಟರ್ ಲೆಕ್ಕದಲ್ಲಿ 67 ಮಂದಿಯ ನೀರು. ಅದೂ ಮಳೆಗಾಲದಲ್ಲಿ ಗಾಳಿ ಮೊದಲೇ ತೊಯ್ದಿರುವುದರಿಂದ ನೀರು 25–26 ಡಿಗ್ರಿಗಿಂತ ತಣ್ಣಗಾಗುವುದಿಲ್ಲ.

ಆದರೆ ಆ 26 ಡಿಗ್ರಿಯ ನೀರಿಗೂ ಒಂದು ಉಪಯೋಗವಿದೆ. ಜಿಪಿಯುವಿನ ಮೇಲೆಯೇ ತಾಮ್ರದ ಕೋಲ್ಡ್ ಪ್ಲೇಟ್ ಕೂರಿಸಿ ಅದರೊಳಗೆ ದ್ರವ ಹರಿಸುವ ಪದ್ಧತಿಗೆ ತಣ್ಣೀರೇ ಬೇಕೆಂದಿಲ್ಲ. 32 ಡಿಗ್ರಿ, ಕೆಲವು ಸರ್ವರ್‌ಗಳಿಗೆ 45 ಡಿಗ್ರಿಯ ದ್ರವವೂ ನಡೆಯುತ್ತದೆ. ಆಗ ನೀರು ಖರ್ಚಾಗದ ಡ್ರೈ ಕೂಲರ್ ಸಾಕು, ಕಾರಿನ ರೇಡಿಯೇಟರ್‌ನ ದೊಡ್ಡಣ್ಣ. ಹೊರಗೆ 24 ಇದ್ದಾಗ 30ರ ದ್ರವ, ಏಪ್ರಿಲ್‌ನ 37ರಲ್ಲಿ 43–44. ಶಾಖದ ಮುಕ್ಕಾಲು ಪಾಲು ಇದರಲ್ಲೇ ಹೋಗುತ್ತದೆ, ಉಳಿದ ಕಾಲು ಪಾಲಿಗೆ ಮತ್ತು ತೇವ ಹಿಂಡಲು ಬಾಗಿಲು ಮುಚ್ಚಿದ ಕೋಣೆಯಲ್ಲಿ ಸಣ್ಣ ಎಸಿ. ದ್ರವ ಇಬ್ಬನಿಬಿಂದುವಿಗಿಂತ ಬೆಚ್ಚಗಿರುವುದರಿಂದ ಪೈಪು ಬೆವರುವ ಭಯವೂ ಇಲ್ಲ. ಮಲೆನಾಡಿನ ತಂಪು ಸಲ್ಲುವುದು ಹೀಗೆ, ಗೋಡೆಯಾಚೆ ನಿಂತು. ಕೊಳ್ಳುವಾಗಲೇ ಕೋಲ್ಡ್ ಪ್ಲೇಟ್ ಇರುವ ಸರ್ವರ್ ಕೊಳ್ಳಬೇಕು ಎಂಬುದೊಂದು ನೆನಪಿರಲಿ. ಗಾಳಿಗೆಂದು ಮಾಡಿದ ಕಾರ್ಡನ್ನು ಆಮೇಲೆ ಬಿಚ್ಚಿದರೆ ವಾರಂಟಿ ಹೋಗುತ್ತದೆ. ಹರಿಸುವುದು ಬರೀ ನೀರಲ್ಲ, ಪಾಚಿ ಕಟ್ಟದಂತೆ ಶೇ 25 ಪ್ರೊಪಿಲೀನ್ ಗ್ಲೈಕಾಲ್ ಬೆರೆತದ್ದು.

ಹೊರಬರುವ 45 ಡಿಗ್ರಿಯ ಶಾಖದಲ್ಲಿ ಅಡಿಕೆ ಒಣಗಿಸಬಹುದೇ ಎಂದು ಕೇಳುವವರಿದ್ದಾರೆ. ಒಣಗಿಸಬಹುದು. ಆದರೆ ಅಡಿಕೆ ಇರುವುದು ತೋಟದ ಮನೆಯಲ್ಲಿ, ಶಾಖ ಇರುವುದು ಕೈಗಾರಿಕಾ ಪ್ರದೇಶದಲ್ಲಿ. ಅಡಿಕೆಯನ್ನು ಟೆಂಪೋದಲ್ಲಿ ಶಾಖದ ಹತ್ತಿರ ತರುವ ಖರ್ಚು ಯಾರೂ ಲೆಕ್ಕ ಹಾಕಿದ ಹಾಗಿಲ್ಲ.

ದೀಪದ ಬುಡ

ಶರಾವತಿಯ ವಿದ್ಯುದಾಗಾರದ ಸಾಮರ್ಥ್ಯ 1,035 ಮೆಗಾವ್ಯಾಟ್, 103.5ರ ಹತ್ತು ಯಂತ್ರ. ಆ ಕರೆಂಟು ಎತ್ತರದ ವೋಲ್ಟೇಜಿನಲ್ಲಿ ರಾಜ್ಯದ ಗ್ರಿಡ್ ಸೇರುತ್ತದೆ. ಪಕ್ಕದ ಊರೆಂದು ನಮಗೆ ಬೇರೆ ಕೊಳಾಯಿ ಇಲ್ಲ. ನಮ್ಮ ಬಾಗಿಲಿಗೆ ಬರುವುದು ಮೆಸ್ಕಾಂನ 11 ಕೆವಿ ಫೀಡರ್. ಅದು ಅಡಿಕೆ ತೋಟ, ಅಕೇಶಿಯ, ಕಾಡು ದಾಟಿ ಬರುತ್ತದೆ. ಆರಿದ್ರೆ ಹಿಡಿದರೆ ಕೊಂಬೆ ಬೀಳುವುದು ಯಾರ ತಪ್ಪೂ ಅಲ್ಲ, ಎಣಿಕೆಯಲ್ಲಿ ಇರಬೇಕಾದ ಸಂಗತಿ. ಆದ್ದರಿಂದ ಜಾಗ ಹುಡುಕುವವರು ಭೂಮಿಯ ಬೆಲೆಗಿಂತ ಮೊದಲು 110 ಕೆವಿ ಸಬ್‌ಸ್ಟೇಷನ್ ಎಷ್ಟು ದೂರ, ಅಲ್ಲಿಂದ ಬೇರೆಯವರ ಹಂಗಿಲ್ಲದ ಒಂಟಿ ಫೀಡರ್ ಎಳೆಯಲು ಸಾಧ್ಯವೇ ಎಂದು ಕೇಳಬೇಕು.

ಡೀಸೆಲ್ ಜನರೇಟರ್ ಯೂನಿಟ್‌ಗೆ ಕಾಲು ಲೀಟರ್‌ಗಿಂತ ತುಸು ಹೆಚ್ಚು ಕುಡಿಯುತ್ತದೆ. 294 ಕಿಲೋವ್ಯಾಟ್‌ಗೆ ಗಂಟೆಗೆ 80 ಲೀಟರ್. ಎರಡು ದಿನಕ್ಕೆ 3,800. ಘಾಟಿಯಲ್ಲಿ ಗುಡ್ಡ ಕುಸಿದ ವಾರ ಟ್ಯಾಂಕರ್ ನಂಬಿ ಕೂರುವಂತಿಲ್ಲ. ಜನರೇಟರ್, ಬ್ಯಾಟರಿ ನೆಲಮಹಡಿಯಲ್ಲಿ ಇಡುವ ಮುನ್ನ 2019ರ ಆಗಸ್ಟ್‌ನಲ್ಲಿ ತುಂಗೆಯ ನೀರು ಶಿವಮೊಗ್ಗದ ಯಾವ ಬಡಾವಣೆಯವರೆಗೆ ಬಂದಿತ್ತೆಂದು ವಿಚಾರಿಸುವುದು ಒಳ್ಳೆಯದು.

ಸಿಡಿಲು ಇನ್ನೊಂದು. ನಮ್ಮ ಜಂಬಿಟ್ಟಿಗೆ ನೆಲ ಒಣಗಿದಾಗ ಕರೆಂಟನ್ನು ಸುಲಭವಾಗಿ ಒಳಗೆ ಬಿಟ್ಟುಕೊಳ್ಳುವುದಿಲ್ಲ. ಅರ್ಥಿಂಗ್ ಗುಂಡಿಯನ್ನು ಆಗಸ್ಟ್‌ನಲ್ಲಿ ಅಳೆದರೆ 1 ಓಮ್‌ಗಿಂತ ಕಡಿಮೆ ಬಂದು ಗುತ್ತಿಗೆದಾರ ಸರ್ಟಿಫಿಕೇಟ್ ಕೊಟ್ಟು ಹೋಗುತ್ತಾನೆ. ಏಪ್ರಿಲ್ ಕೊನೆಯಲ್ಲಿ, ಮುಂಗಾರಿಗೆ ಮುಂಚಿನ ಗುಡುಗು ಸಿಡಿಲಿನ ಹೊತ್ತಿಗೆ, ಅದೇ ಗುಂಡಿ ಹಲವು ಪಟ್ಟು ತೋರಿಸಬಹುದು. ಅಳತೆ ಏಪ್ರಿಲ್‌ನಲ್ಲೇ ಆಗಬೇಕು. ಗುಂಡಿಗೆ ಉಪ್ಪು–ಇದ್ದಿಲಿನ ಬದಲು ತೇವ ಹಿಡಿದಿಡುವ ಬೆಂಟೊನೈಟ್ ತುಂಬಬೇಕು. ಹೊರಗಿನಿಂದ ಬರುವ ಉಕ್ಕಿನ ಕವಚದ ಫೈಬರ್ ಕೇಬಲ್ ಕೂಡ ಸಿಡಿಲಿಗೆ ದಾರಿಯೇ. ಗಾಜಿಗೆ ಕರೆಂಟು ಹರಿಯದು, ಕವಚಕ್ಕೆ ಹರಿಯುತ್ತದೆ. ಕಟ್ಟಡದ ಬಾಗಿಲಲ್ಲೇ ಕವಚವನ್ನು ಅರ್ಥ್‌ಗೆ ಕಟ್ಟಬೇಕು, ಇಲ್ಲವೇ ಕೊನೆಯ ತುಂಡನ್ನು ಲೋಹವಿಲ್ಲದ ಕೇಬಲ್ ಮಾಡಬೇಕು.

ಹಾಗಾದರೆ ಎಷ್ಟು ಬೇಕು?

ಕಾಲೇಜೊಂದರ ಲ್ಯಾಬ್ ತೆಗೆದುಕೊಳ್ಳಿ, 40 ಹೆಡ್‌ಸೆಟ್. ಪಾಠದ ವಿಆರ್ ಲೋಕ 500 ಎಂಬಿ. 100 ಎಂಬಿಪಿಎಸ್ ಲೈನಿನಲ್ಲಿ 40 ಮಂದಿ ಒಟ್ಟಿಗೆ ಇಳಿಸಿಕೊಂಡರೆ 20 ಜಿಬಿ, ಹತ್ತಿರಹತ್ತಿರ 27 ನಿಮಿಷ, ಪಿರಿಯಡ್ಡೇ ಮುಗಿಯಿತು. ಲ್ಯಾಬ್‌ನ ಮೂಲೆಯಲ್ಲಿ 2 ಟಿಬಿ ಎಸ್‌ಎಸ್‌ಡಿ ಇರುವ ಹಳೇ ಕಂಪ್ಯೂಟರನ್ನು ಕ್ಯಾಶ್ ಮಾಡಿಟ್ಟರೆ ಗಿಗಾಬಿಟ್ ತಂತಿಯಲ್ಲಿ ಮೂರು ನಿಮಿಷದೊಳಗೆ ಆಗುತ್ತದೆ, ವೈಫೈ ಅಷ್ಟು ಹೊತ್ತರೆ. ಹೊರಬೇಕಾದರೆ ಒಂದು ಆ್ಯಕ್ಸೆಸ್ ಪಾಯಿಂಟ್‌ಗೆ ಏಳೆಂಟು ಹೆಡ್‌ಸೆಟ್‌ಗಿಂತ ಹೆಚ್ಚು ಕಟ್ಟಬಾರದು. 5 ಗಿಗಾಹರ್ಟ್ಸ್‌ನಲ್ಲಿ 80 ಮೆಗಾಹರ್ಟ್ಸ್‌ನ ಚಾನೆಲ್ ಸಿಗುವುದು ಆರೇ. ಆರು ಪಾಯಿಂಟ್, ಆರು ಚಾನೆಲ್, ಒಂದರ ಮೇಲೊಂದು ಬೀಳದಂತೆ. ಹೆಡ್‌ಸೆಟ್‌ಗಳನ್ನು ಮಳೆಗಾಲದಲ್ಲಿ ಸಿಲಿಕಾ ಜೆಲ್ ಹಾಕಿದ ಮುಚ್ಚಳದ ಡಬ್ಬಿಯಲ್ಲಿ ಇಡದಿದ್ದರೆ ಗಣೇಶ ಚೌತಿಯ ಹೊತ್ತಿಗೆ ಲೆನ್ಸ್‌ನಲ್ಲಿ ಜೇಡರಬಲೆಯಂಥ ಬೂಸ್ಟು. ಒರೆಸಿದರೆ ಹೋಗುವುದಿಲ್ಲ, ಒಳಪದರದಲ್ಲಿ ಇರುತ್ತದೆ.

ಊರಿಗೆ ಎಂದರೆ ಒಂದೇ ರ್ಯಾಕ್ ಸಾಕು ಎಂಬುದು ನಮ್ಮ ಅಂದಾಜು: ಸುದ್ದಿ ಮುಟ್ಟಿಸುವ ಎರಡು ಸರ್ವರ್, ಒಂದು ಕ್ಯಾಶ್, 4 ಜಿಪಿಯು ಸರ್ವರ್. 11 ಕಿಲೋವ್ಯಾಟ್, ಒಂದೇ ಹೊತ್ತಿಗೆ 48 ಮಂದಿಗೆ ದೂರದ ಚಿತ್ರ, ಸಾವಿರ ಮಂದಿಗೆ ಕೋಣೆ. ಇಷ್ಟು ಚಿಕ್ಕದಕ್ಕೆ ಕೋಲ್ಡ್ ಪ್ಲೇಟ್, ಡ್ರೈ ಕೂಲರ್‌ನ ಹೊರೆ ಬೇಡ; 4 ಟನ್‌ನ ಎರಡು ಎಸಿ, ಒಂದು ಕೆಟ್ಟರೂ ಇನ್ನೊಂದು ಹೊರುವಂತೆ. ಉಳಿದ ಹಣ ಹೋಗಬೇಕಾದ್ದು ಫೈಬರ್‌ಗೆ.

ಫೈಬರ್‌ಗೆ ಎರಡು ದಾರಿ ಬೇಕು: ಭದ್ರಾವತಿ–ತರೀಕೆರೆ ಕಡೆಯಿಂದ ಒಂದು, ಚನ್ನಗಿರಿ–ಚಿತ್ರದುರ್ಗದ ಕಡೆಯಿಂದ ಇನ್ನೊಂದು. ಎರಡು ಕಂಪನಿಯಿಂದ ಎರಡು ಬಿಲ್ಲು ಬಂದ ಮಾತ್ರಕ್ಕೆ ಎರಡು ದಾರಿ ಆಗುವುದಿಲ್ಲ. ಎರಡೂ ಒಂದೇ ಕಾಲುವೆಯಲ್ಲಿ ಮಲಗಿದ್ದರೆ ರಸ್ತೆ ಅಗಲ ಮಾಡುವ ಒಂದೇ ಜೆಸಿಬಿ ಎರಡನ್ನೂ ಎತ್ತುತ್ತದೆ. ತುಮಕೂರಿನಿಂದ ಆಚೆ ಎರಡೂ ಕೂಡಿಕೊಳ್ಳುತ್ತವೆಯೇ ಎಂದು ನಕ್ಷೆ ಹಿಡಿದು ಕೇಳಬೇಕು, ಬರಹದಲ್ಲಿ ಉತ್ತರ ಪಡೆಯಬೇಕು. ತುಂಡಾದಾಗ, ಎಳೆಯೊಳಗೆ ಬೆಳಕು ಹಾಯಿಸಿ ದೂರ ಅಳೆಯುವ ಓಟಿಡಿಆರ್ ಯಂತ್ರ 41.3 ಕಿ.ಮೀ.ಯಲ್ಲಿ ಕಡಿದಿದೆ ಎಂದು ಹೇಳುತ್ತದೆ. ಅದು ಗಾಜಿನ ಉದ್ದ, ರಸ್ತೆಯ ಉದ್ದವಲ್ಲ. ಪ್ರತಿ ಜಾಯಿಂಟ್‌ನಲ್ಲಿ ಮುಂದೆ ಬೇಕಾದೀತೆಂದು ಹತ್ತಿಪ್ಪತ್ತು ಮೀಟರ್ ಸುರುಳಿ ಸುತ್ತಿ ಇಟ್ಟಿರುತ್ತಾರೆ, ಕೇಬಲ್‌ನೊಳಗೆ ಎಳೆಯೂ ತಿರುಚಿಕೊಂಡೇ ಸಾಗಿರುತ್ತದೆ. ಯಾವ ಮೈಲಿಗಲ್ಲಿನ ಬಳಿ ಎಷ್ಟು ಸುರುಳಿ ಎಂದು ಹಾಕಿದವರು ಬರೆದಿಟ್ಟಿದ್ದರೆ ತುಂಡಾದ ಎಳೆ ಬೆಸೆಯುವ ಹುಡುಗರು ನೇರ ಗುಂಡಿಗೇ ಹೋಗಿ ನಿಲ್ಲುತ್ತಾರೆ. ಬರೆದಿಡದಿದ್ದರೆ ಪುಷ್ಯ ಮಳೆಯಲ್ಲಿ, ಅರ್ಧ ಕಿಲೋಮೀಟರ್ ಆಚೆ, ತುಂಡಾಗದ ಕೇಬಲನ್ನು ಅಗೆಯುತ್ತಿರುತ್ತಾರೆ.